ಪಿಟೀಲಿನ ತಂತಿ ಎತ್ತರ ಸರಿಪಡಿಸುವ ಬಗೆ

ತಂತಿ ಒತ್ತಿ ಬೆರಳು ನೋಯುತ್ತಿದೆ ಎಂದು ನೇರವಾಗಿ ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬ್ರಿಜ್) ಅರ ಹಚ್ಚಬೇಡಿ. ಮೊದಲು ಅಳೆಯಿರಿ. ನೀವು ನುಡಿಸುವ ಶ್ರುತಿಗೇ ತಂತಿಗಳನ್ನು ಕೂಡಿಸಿ, ಫಿಂಗರ್‌ಬೋರ್ಡಿನ (ಬೆರಳೊತ್ತುವ ಹಲಗೆ) ಕುದುರೆ ಕಡೆಯ ತುದಿಯಲ್ಲಿ ಸಣ್ಣ ಸ್ಟೀಲ್ ಸ್ಕೇಲ್ ನಿಲ್ಲಿಸಿ. ಹಲಗೆಯಿಂದ ತಂತಿಯ ಕೆಳಅಂಚಿಗೆ ಮೊದಲ ತಂತಿಯಲ್ಲಿ ಸುಮಾರು 3.5 ಮಿ.ಮೀ., ಮಂದ್ರ ಷಡ್ಜದಲ್ಲಿ (ಅತಿ ದಪ್ಪ ತಂತಿ) 5ರಿಂದ 5.5 ಮಿ.ಮೀ. ಇರಲಿ. ನಡುವಿನ ಎರಡು ತಂತಿಗಳು ಈ ಎರಡರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಕರ್ನಾಟಕ ಸಂಗೀತದವರಿಗೆ ಶ್ರುತಿಯೇ ಮುಖ್ಯ. ಎರಡೂವರೆ ಮನೆ ಶ್ರುತಿಗೆ (ಷಡ್ಜ D#) ಇಳಿಸಿದಾಗ ಮೇಲಿನ ಎರಡು ತಂತಿಗಳು ಪಾಶ್ಚಾತ್ಯ ಶ್ರುತಿಗಿಂತ ಆರು ಸ್ವರಸ್ಥಾನ ಕೆಳಗಿರುತ್ತವೆ, ಬಿಗಿ ಅರ್ಧಕ್ಕೇ ಇಳಿಯುತ್ತದೆ. ಸಡಿಲ ತಂತಿ ಅಗಲವಾಗಿ ಕಂಪಿಸುವುದರಿಂದ ಎತ್ತರ ತೀರಾ ಕಡಿಮೆಯಾದರೆ ಜೋರು ಬಿಲ್ಲಿಗೆ ಹಲಗೆಗೆ ತಾಗಿ ಝರ್ರೆನ್ನುತ್ತದೆ. ಐದು ಮನೆಗೂ (ಷಡ್ಜ G) ಎರಡೂವರೆ ಮನೆಗೂ ಪಕ್ಕವಾದ್ಯ ನುಡಿಸುವವರು ಕೆಳಗಿನ ಶ್ರುತಿಯಲ್ಲೇ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.

ಮುಂದೆ ನಟ್ ನೋಡಿ. ಬಿರಡೆಗಳ ಪಕ್ಕದ ಈ ಪಟ್ಟಿಯ ಬಳಿ, ತಂತಿಗೂ ಹಲಗೆಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಸಾಕು. ದಪ್ಪ ತಂತಿಗೆ ಚೂರು ಹೆಚ್ಚು. ರಿಷಭದ ಜಾಗದಲ್ಲಿ ಮಾತ್ರ ಒತ್ತಲು ಕಷ್ಟವಿದ್ದು ಮೇಲಿನ ಸ್ಥಾಯಿ ಸಲೀಸಾಗಿದ್ದರೆ ದೋಷ ನಟ್‌ನದು, ಕುದುರೆ ಕೆತ್ತಿದರೆ ಗುಣವಾಗದು.

ಹಲಗೆಯ ಮೇಲೆ ಉದ್ದ ಸ್ಕೇಲ್ ಮಲಗಿಸಿ ಕುದುರೆಯವರೆಗೆ ಚಾಚಿ. ಕುದುರೆಯ ಜಾಗದಲ್ಲಿ ಮೇಲ್ಹಲಗೆಯಿಂದ (ಪಿಟೀಲಿನ ಒಡಲಿನ ಮೇಲ್ಮುಖ) ಸ್ಕೇಲಿಗೆ ಸುಮಾರು 27 ಮಿ.ಮೀ. ಸಿಗಬೇಕು. ಎರಡು ಮೂರು ಮಿಲಿಮೀಟರ್ ಕಡಿಮೆಯಿದ್ದರೆ ಕತ್ತೇ ತಗ್ಗಿದೆ. ಅದು ರಿಪೇರಿಯವರ ಕೆಲಸ.

ಇವೆಲ್ಲ ಸರಿಯಿದ್ದರೆ ಕುದುರೆಯ ಸರದಿ. ನಟ್‌ನಿಂದ ಕುದುರೆಗೆ ಸುಮಾರು 328 ಮಿ.ಮೀ., ಹಲಗೆಯ ಉದ್ದ 270. ಹಾಗಾಗಿ ಹಲಗೆ ತುದಿಯಲ್ಲಿ ಅರ್ಧ ಮಿಲಿಮೀಟರ್ ತಗ್ಗಿಸಲು ಕುದುರೆಯಲ್ಲಿ 0.6 ಮಿ.ಮೀ. ಕೆತ್ತಬೇಕು. ಒಂದು ಸಲಕ್ಕೆ ಒಂದೇ ತಂತಿ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಸಣ್ಣ ದುಂಡು ಅರದಿಂದ ಗೀರು ಆಳ ಮಾಡಿ, ಮತ್ತೆ ಕೂಡಿಸಿ ಅಳೆಯಿರಿ. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ಒಡಲೊಳಗೆ ನಿಂತಿರುವ ಮರದ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ಬೀಳಬಹುದು. ತಂತಿಯ ಮೂರನೇ ಒಂದು ಭಾಗ ಮಾತ್ರ ಗೀರಿನಲ್ಲಿ ಕೂರಬೇಕು. ಹೆಚ್ಚು ಹೂತರೆ ನಾದ ಮಂಕಾಗುತ್ತದೆ, ತಂತಿಯೂ ಸವೆಯುತ್ತದೆ. ಗೀರು ಆಳವಾದಾಗ ಕುದುರೆಯ ತಲೆಯನ್ನೇ ಉಪ್ಪುಕಾಗದದಿಂದ ತಗ್ಗಿಸಿ. ತಲೆಯ ಬಾಗು ಕೆಡದಂತೆ ಮೊದಲೇ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ: ಚಪ್ಪಟೆಯಾದರೆ ಒಂದು ತಂತಿ ನುಡಿಸುವಾಗ ಬಿಲ್ಲು ಪಕ್ಕದ್ದಕ್ಕೂ ತಗಲುತ್ತದೆ. ಕೊನೆಗೆ ಗೀರಿಗೆ ಪೆನ್ಸಿಲ್ ಸೀಸ ಸವರಿ.

ಅತಿಯಾಗಿ ಕೆತ್ತಿದರೆ ಹೊಸ ಕುದುರೆಯೇ ದಾರಿ. ಕುದುರೆಯ ಕಾಲಿನ ಅಡಿಗೆ ಕಾಗದ ಇಡಬೇಡಿ, ನಾದ ಸಾಯುತ್ತದೆ.

ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ಮಲೆನಾಡು, ಕರಾವಳಿಯಲ್ಲಿ ತಂತಿ ತುಸು ಏರುವುದುಂಟು. ಆಗ ಕೆತ್ತಿದರೆ ಬೇಸಿಗೆಯಲ್ಲಿ ತೀರಾ ತಗ್ಗುತ್ತದೆ. ಇನ್ನೊಂದು ಮಾತು: ಬಿರಡೆ ಬಿಗಿದಾಗೆಲ್ಲ ಕುದುರೆಯ ತಲೆ ಹಲಗೆಯ ಕಡೆಗೆ ವಾಲುತ್ತದೆ. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಪಟ್ಟಿ) ಕಡೆಯ ಮುಖ ಮೇಲ್ಹಲಗೆಗೆ ಲಂಬವಾಗಿರುವಂತೆ ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಸರಿಸಿ, ಆಮೇಲೇ ಅಳತೆ ನೋಡಿ.