ಸರಿ-ತಪ್ಪು ತೂಗೋದು ಹೇಗೆ?

ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಹೊಸ ಹುಡುಗರಿಗೆ ಲೆಕ್ಕಕ್ಕಿಂತ ಮೊದಲು ಇದನ್ನು ಕಲಿಸುತ್ತೇನೆ.

ಕೆಲವು ತಪ್ಪಿಗೆ ಯೋಚನೆಯೇ ಬೇಡ. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಗುಂಟೂರು ಕಾಯಿ ಬೆರೆಸಿ ಅದೇ ಹೆಸರಲ್ಲಿ ಮಾರಿದರೆ ಮೋಸ, ಮುಗೀತು.

ಕಷ್ಟ ಇರೋದು ಹಸಿ ಚೀಲದಲ್ಲಿ. ಮೇಲೆ ನೋಡಬೇಡಿ, ತಳದ ತನಕ ಕೈ ಹಾಕಿ. ಒಣಗಿದ ಕಾಯಿ ಅಲುಗಾಡಿಸಿದರೆ ಬೀಜ ಗಲಗಲ ಅನ್ನುತ್ತದೆ. ಹಸಿ ಕಾಯಿ ಮುರಿಯದೆ ಬಾಗುತ್ತದೆ. ತಕ್ಷಣ ರೇಗಬೇಡಿ. "ಕಾಕಾ, ಯಾವಾಗ ಬಿಡಿಸಿದ್ರಿ? ನೀರೇನರ ಹೊಡದೀರೇನ್ರಿ?" ಅಂತ ಕೇಳಿ. ಮೋಡ ಕವಿದು ಒಣಗದೇ ಇರಬಹುದು. ಕಾಯಿ ಮುರಿಯಬಾರದು ಅಂತ ತುಂಬುವಾಗ ಚೂರು ನೀರು ಚಿಮುಕಿಸಿರಬಹುದು. ತೂಕಕ್ಕೆ ಅಂತಲೇ ಹೊಡೆದಿರಲೂಬಹುದು. ಮನುಷ್ಯರನ್ನು ಅಳೆಯುವಾಗ ಈ ಮೂರೂ ಬೇರೆ ಬೇರೆ. ಆದರೆ ಕೊಂಡವರ ಗೋದಾಮಿನಲ್ಲಿ ಬೂಸ್ಟು ಹಿಡಿದರೆ ಮೂರೂ ಒಂದೇ, ಅಲ್ವಾ? ಅದಕ್ಕೆ ಮನುಷ್ಯರ ಲೆಕ್ಕ ಬೇರೆ ಇಡಿ, ಮಾಲಿನ ಲೆಕ್ಕ ಬೇರೆ ಇಡಿ.

ಖರೀದಿದಾರರ ಎದುರು ಬಾಯಿಬಿಟ್ಟು ಹೇಳಲಾಗದ ಮಾತಿದ್ದರೆ ಆ ಚೀಲ ಟೆಂಡರಿಗೆ, ಅಂದರೆ ಖರೀದಿದಾರರು ದರ ಕೂಗುವ ಬದಲು ಬರೆದು ಕೊಡುವ ಹರಾಜಿಗೆ, ಇಡಬೇಡಿ. ಬಿಸಿಲಿಗೆ ಹರವಿಸಿ, ಒಣಗಿದ ಮೇಲೆ ರೈತರ ಮುಂದೆಯೇ ತೂಗಿ. ತೂಕ ಇಳಿದರೆ ನಮ್ಮ ಕಮಿಷನ್ನೂ ಇಳಿಯುತ್ತದೆ. ಇಳಿಯಲಿ ಬಿಡಿ.