ಬಿಸುವಿನ ಎಲೆಗೆ ಥಾಯ್ಲೆಂಡಿನ ಮಾವಿನಹಣ್ಣಿನ ಅನ್ನ

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಬಿಸು ಅಂದರೆ ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷ. ಆ ದಿನ ಊಟಕ್ಕೆ ಇಪ್ಪತ್ತು ಜನ ಆಗಿಯೇ ಆಗುತ್ತಾರೆ. ತೊಂಡೆಕಾಯಿ-ಎಳೆ ಗೇರುಬೀಜದ ಪಲ್ಯ, ಕಾಟುಮಾವಿನ (ಕಾಡುಮಾವಿನ) ಸಾಸಿವೆ, ಕಡಲೆಬೇಳೆ ಪಾಯಸ. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ, ಬಿಡುವ ಮನಸ್ಸೂ ನನಗಿಲ್ಲ. ಆದರೂ ಮೂರು ವರ್ಷದಿಂದ ಅದೇ ಎಲೆಯಲ್ಲಿ ಹೊರಗಿನ ಒಂದು ಸಿಹಿಗೆ ಜಾಗ ಮಾಡುತ್ತಾ ಬಂದಿದ್ದೇನೆ.

ಮೊದಲ ವರ್ಷ ಅರಬರ ಚೀಸ್ ಸಿಹಿ ಕುನಾಫ ಮಾಡಿದೆ. ನಮ್ಮ ಕಡೆ ಗಲ್ಫಿನಲ್ಲಿ ಇರುವವರು ಜಾಸ್ತಿ, ಹಾಗಾಗಿ ಅದು ಯಾರಿಗೂ ಹೊಸದಲ್ಲ. ಆದರೆ ಅದನ್ನು ಬಿಸಿಬಿಸಿ ತಿನ್ನಬೇಕು, ಒಳಗಿನ ಚೀಸ್ ಎಳೆ ಎಳೆಯಾಗಿ ಬರುವಾಗಲೇ. ಪಂಕ್ತಿಯಲ್ಲಿ ಸಾರು, ಸಾಂಬಾರು, ಮೇಲಾರ ಮುಗಿದು ಸಿಹಿಯ ಸರದಿ ಬರುವಾಗ ಚೀಸ್ ಗಟ್ಟಿಯಾಗಿತ್ತು. ಮಾವ ಎರಡು ತುತ್ತು ತಿಂದು ಬದಿಗೆ ಸರಿಸಿದರು. ನನಗೆ ತುಂಬ ಬೇಜಾರಾಯಿತು.

ಆಮೇಲೆ ಯೋಚಿಸಿದೆ. ಹೊರಗಿನ ಸಿಹಿಗಳಲ್ಲಿ ಹೆಚ್ಚಿನವು ಊಟ ಮುಗಿದ ಮೇಲೆ ಬೇರೆ ತಟ್ಟೆಯಲ್ಲಿ ತಿನ್ನುವಂಥವು. ನಮ್ಮಲ್ಲಿ ಸಿಹಿ ಬರುವುದು ಊಟದ ನಡುವೆ. ಪಾಯಸ, ಹೋಳಿಗೆ ಆದ ಮೇಲೆ ಮಜ್ಜಿಗೆ ಅನ್ನ ಉಂಡೇ ಏಳುವುದು. ಮದುವೆ ಮನೆಯಲ್ಲಿ ಐಸ್‌ಕ್ರೀಮನ್ನು ಕೈ ತೊಳೆದು ಬಂದ ಮೇಲೆ ಕೊಡುವುದು ಅದಕ್ಕೇ ಅಲ್ವಾ? ಎಲೆಗೆ ಬಡಿಸಬೇಕಾದರೆ ಅದು ಕೈಯಲ್ಲಿ ತಿನ್ನಲು ಬರಬೇಕು, ಎಲೆಯಲ್ಲಿ ಹರಿಯಬಾರದು, ಏಪ್ರಿಲ್ ಸೆಕೆಗೆ ಕರಗಬಾರದು, ಆರಿದರೂ ರುಚಿ ಕೆಡಬಾರದು.

ಹಾಗೆ ಹುಡುಕುವಾಗ ಸಿಕ್ಕಿದ್ದು ಥಾಯ್ಲೆಂಡಿನ ಖಾವ್ ನಿಯಾವ್ ಮಮುವಾಂಗ್. ಅಂಟು ಅಕ್ಕಿಯ ಅನ್ನ, ಕಾಯಿಹಾಲು, ಮಾವಿನಹಣ್ಣು, ಅಷ್ಟೇ. ಹೋಳಿಗೆಗೆ ಕಾಯಿಹಾಲು ಹಾಕಿ ಉಣ್ಣುವ ನಮಗೆ ಇದು ದೂರದ್ದು ಅಂತ ಅನಿಸಲೇ ಇಲ್ಲ. ಇನ್ನೊಂದು ವಿಷಯ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅವರ ಹೊಸ ವರ್ಷ ಸೊಂಕ್ರಾನ್ ಬರುವುದು ಏಪ್ರಿಲ್ 13ರಿಂದ 15ರ ತನಕ, ನಮ್ಮ ಬಿಸುವಿನ ಹೊತ್ತಿಗೇ. ಆ ಹೆಸರು ಕೂಡ ನಮ್ಮ ಸಂಕ್ರಾಂತಿಯೇ. ಅಲ್ಲೂ ಅದು ಮಾವಿನ ಕಾಲ.

ಅಂಟು ಅಕ್ಕಿ ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಗುವಾಹಟಿಯಲ್ಲಿ ಕೆಲಸದಲ್ಲಿರುವ ಸಂಬಂಧಿಕರೊಬ್ಬರು ಅಸ್ಸಾಮಿನ ಬೋರಾ ಅಕ್ಕಿ ಎರಡು ಕಿಲೋ ತಂದುಕೊಟ್ಟರು. ಅದೂ ಅಂಟು ಅಕ್ಕಿಯೇ. ಅಲ್ಲಿಯವರು ಬಿಹುವಿಗೆ ಅದನ್ನು ಮೊಸರು ಬೆಲ್ಲ ಹಾಕಿ ತಿನ್ನುತ್ತಾರಂತೆ. ಬಿಹು ಬರುವುದೂ ಅದೇ ವಾರ!

ಹಬ್ಬಕ್ಕೆ ಮೊದಲು ಒಂದು ಪಾವು ಅಕ್ಕಿ ಕುಕ್ಕರಿನಲ್ಲಿಟ್ಟು ನೋಡಿದೆ. ಅಂಟಿನ ಮುದ್ದೆಯಾಯಿತು. ಈ ಅಕ್ಕಿಯಲ್ಲಿ ಅನ್ನವನ್ನು ಉದುರುದುರಾಗಿಸುವ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿ ಬೇಯಿಸಿದರೆ ಕಾಳು ನಿಲ್ಲುವುದಿಲ್ಲ. ಹಬೆಯಲ್ಲೇ ಬೇಯಬೇಕು. ಹಬೆಯಲ್ಲಿ ಬೇಯಿಸುವ ನಮ್ಮ ಪಾತ್ರೆ ಅಟ್ಟಿನಳಗೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಕಿಲೋ ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ದೇವರ ಮುಂದೆ ಜೋಡಿಸಿಟ್ಟ ಹಣ್ಣು-ಕಾಯಿಯ ಕಣಿ ನೋಡಿ, ಹಿರಿಯರ ಕಾಲು ಹಿಡಿದು ಆದ ಮೇಲೆ ನೀರು ಬಸಿದು, ಅಟ್ಟಿನಳಗೆಯಲ್ಲಿ ತೆಳು ಬಟ್ಟೆ ಹಾಸಿ ಅರ್ಧ ಗಂಟೆ ಬೇಯಿಸಿದೆ. ನಡುವೆ ಒಮ್ಮೆ ತಿರುವಿ ಹಾಕಬೇಕು. ಒಂದು ಕಾಳು ಹಿಸುಕಿ ನೋಡಿ, ನಡುವೆ ಬಿಳಿ ಚುಕ್ಕೆ ಇರಬಾರದು. ಅಷ್ಟರಲ್ಲಿ ನಾಲ್ಕು ಕಪ್ ದಪ್ಪ ಕಾಯಿಹಾಲಿಗೆ ಎರಡು ಕಪ್ ಸಕ್ಕರೆ, ಎರಡು ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿಟ್ಟೆ. ಕುದಿಸಬಾರದು, ಹಾಲು ಒಡೆಯುತ್ತದೆ. ಅನ್ನ ಬಿಸಿ ಇರುವಾಗಲೇ ಹಾಲು ಹೊಯ್ದು ಕಲಸಿದರೆ ಮೊದಲು ಗಂಜಿಯಂತೆ ಕಾಣುತ್ತದೆ. ಹೆದರಬೇಡಿ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಹಾಲೆಲ್ಲ ಅನ್ನದೊಳಗೆ ಹೋಗಿ ಕಾಳು ಕಾಳೇ ಹೊಳೆಯುತ್ತಿರುತ್ತದೆ.

ಉಪ್ಪು ಜಾಸ್ತಿಯಾಯಿತೇನೋ ಎಂಬ ಅಳುಕಿತ್ತು. ಅತ್ತೆ ಬೆರಳಲ್ಲಿ ಮುಟ್ಟಿ ನೋಡಿ, "ಪಾಯಸಕ್ಕೂ ಚಿಟಿಕೆ ಉಪ್ಪು ಹಾಕ್ತೇವಲ್ಲ, ಅದೇ ರುಚಿ" ಅಂದರು. ಕಾಟುಮಾವಿನ ನಾರು ಇದಕ್ಕೆ ಆಗುವುದಿಲ್ಲ, ಬಂಗನಪಲ್ಲಿ ತಂದೆ. ಮೇಲೆ ಉದುರಿಸಲು ಹುರಿದ ಹೆಸರುಬೇಳೆ.

ಬಡಿಸುವ ವಿಷಯದಲ್ಲಿ ನಾನು ಖಡಾಖಂಡಿತ. ದೇವರಿಗೆ ನೈವೇದ್ಯ ಪಾಯಸದ್ದೇ. ಎಲೆಗೆ ಮೊದಲು ಪಾಯಸ, ಅದಾದ ಮೇಲೆ ಒಂದು ಸಣ್ಣ ಸೌಟು ಈ ಅನ್ನ, ಪಕ್ಕದಲ್ಲಿ ಎರಡು ಹೋಳು ಹಣ್ಣು, ಮತ್ತೆ ಮಜ್ಜಿಗೆ. ಹೊಸತು ಅಂತ ಜಾಸ್ತಿ ಬಡಿಸಿದರೆ ಹಳೆಯದಕ್ಕೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಹೊಸ ಸಿಹಿ ಒಂದೇ ಸಾಕು, ಎರಡು ಬೇಡ. ಮಾವ ಈ ಸಲ ಎಲೆ ಖಾಲಿ ಮಾಡಿ, ಬಡಿಸುವವರನ್ನು ಮತ್ತೆ ಕರೆದರು.

ಉಳಿದದ್ದನ್ನು ಹೊರಗಿಡಬೇಡಿ, ಕಾಯಿಹಾಲು ಸಂಜೆಗೇ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ. ನಾನು ಮರುದಿನ ಅದರ ನಡುವೆ ಬಾಳೆಹಣ್ಣಿನ ಹೋಳಿಟ್ಟು, ಬಾಡಿಸಿದ ಬಾಳೆಲೆಯಲ್ಲಿ ಮಡಚಿ, ಕೊಟ್ಟಿಗೆ (ಎಲೆಯಲ್ಲಿ ಕಟ್ಟುವ ಕಡುಬು) ಬೇಯಿಸುವ ಹಾಗೆ ಹಬೆಯಲ್ಲಿ ಕಾಲು ಗಂಟೆ ಬೇಯಿಸಿದೆ. ಥಾಯ್ಲೆಂಡಿನಲ್ಲೂ ಬಾಳೆಲೆಯಲ್ಲಿ ಕಟ್ಟಿ ಹೀಗೆ ಮಾಡುತ್ತಾರೆ, ಖಾವ್ ತೋಮ್ ಮಾತ್ ಅಂತ ಹೆಸರು. ಮಕ್ಕಳಿಗೆ ಹಬ್ಬದ ದಿನದ್ದಕ್ಕಿಂತ ಇದೇ ಇಷ್ಟವಾಯಿತು. ಮುಂದಿನ ಬಿಸುವಿಗೆ ಅಕ್ಕಿ ಒಂದೂವರೆ ಕಿಲೋ ನೆನೆಸುವುದೆಂದು ಈಗಲೇ ಲೆಕ್ಕ ಹಾಕಿದ್ದೇನೆ.