ಜರ್ಮನಿಗೆ ಬರುವ ಹಾಸನ, ಚಿಕ್ಕಮಗಳೂರಿನ ಕ್ಯಾಥೊಲಿಕರಿಗೆ: ಧರ್ಮದ ಕಾಲಂ ತುಂಬುವ ಮುಂಚೆ

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯಿಂದ ನರ್ಸಿಂಗ್‌ಗೋ ಸಾಫ್ಟ್‌ವೇರ್‌ಗೋ ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರು ಮೊದಲು ಕೇಳುವುದು ಬಾಡಿಗೆ, ಅಕ್ಕಿ, ಚಳಿ. ಅದನ್ನೆಲ್ಲ ಯಾರಾದರೂ ಹೇಳುತ್ತಾರೆ. ಊರಿನ ಚರ್ಚಿನಿಂದ ಜ್ಞಾನಸ್ನಾನದ ಪತ್ರ ಮಾಡಿಸಿಕೊಂಡು ಬನ್ನಿ, ಮುಂದೆ ಮದುವೆಗೆ ಬೇಕಾಗುತ್ತದೆ. ನಾನು ಹೇಳಬೇಕಿರುವುದು ಬೇರೆ.

ಮನೆ ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಎಂದು ಕೇಳುತ್ತಾರೆ. ಕ್ಯಾಥೊಲಿಕ್ ಎಂದು ಬರೆದರೆ ಸಂಬಳದಲ್ಲಿ ಕಿರ್ಶೆನ್‌ಸ್ಟೊಯರ್, ಅಂದರೆ ಚರ್ಚ್ ತೆರಿಗೆ ಹಿಡಿಯುತ್ತಾರೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಆದಾಯ ತೆರಿಗೆಯ ಶೇ 8, ಉಳಿದ ಕಡೆ ಶೇ 9. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಇದ್ದರೆ 40ರಿಂದ 45 ಯೂರೋ ಹೋಗುತ್ತದೆ. ಆದಾಯ ತೆರಿಗೆಯೇ ಬೀಳದ ವಿದ್ಯಾರ್ಥಿಗೆ ಇದೂ ಇಲ್ಲ. ಬಂದ ವಾರವೇ ಯಾರಾದರೂ ಕಿವಿಯಲ್ಲಿ ಹೇಳುತ್ತಾರೆ, "ಸುಮ್ನೆ ಧರ್ಮ ಇಲ್ಲ ಅಂತ ಹಾಕಿಬಿಡು, ಯಾರು ನೋಡ್ತಾರೆ?"

ಹಾಗೆ ಹಾಕಬೇಡಿ. ಊರಿನಲ್ಲಿ ನಮ್ಮನ್ನು ದಾರಿಯಲ್ಲಿ ಇಟ್ಟಿದ್ದು ಅರ್ಧ ನಮ್ಮ ನಂಬಿಕೆ, ಅರ್ಧ ಸುತ್ತಲಿನವರ ಕಣ್ಣು. ನಮ್ಮವು ಕೆಲವೇ ಮನೆ. ಭಾನುವಾರ ಮನೆಯಲ್ಲೇ ಉಳಿದರೆ ಪಕ್ಕದ ಮನೆ ಗೌಡರ ಅಜ್ಜಿಯೇ "ಯಾಕವ್ವಾ, ಚರ್ಚಿಗೆ ಹೋಗ್ಲಿಲ್ವಾ?" ಎನ್ನುತ್ತಿದ್ದರು. ಇಲ್ಲಿ ಎಲ್ಲಿ ನೋಡಿದರೂ ಚರ್ಚಿನ ಗೋಪುರ, ಭಾನುವಾರ ಅಂಗಡಿ ಬಂದ್, ಗುಡ್ ಫ್ರೈಡೆಗೆ ರಜೆ. ಚರ್ಚಿನ ಒಳಗೆ ಮಾತ್ರ ಬೆಂಚುಗಳು ಖಾಲಿ. ನೀವು ಹೋದಿರಾ, ಬಿಟ್ಟಿರಾ ಎಂದು ಕೇಳುವ ಅಜ್ಜಿ ಇಲ್ಲ. ಹಾಗಾಗಿ ಯಾರೂ ನೋಡದಿರುವಾಗ ನಾನು ಯಾರು ಎಂಬುದನ್ನು ಆ ಕಾಲಂನಲ್ಲಿ ನೀವೇ ಬರೆಯಬೇಕು.

ತೆರಿಗೆ ಉಳಿಸಲು ಅಧಿಕೃತವಾಗಿ ಚರ್ಚ್ ಬಿಡುವವರೂ ಇದ್ದಾರೆ. 2012ರಲ್ಲಿ ಜರ್ಮನಿಯ ಬಿಷಪ್ಪರು ಹೊರಡಿಸಿದ ಆದೇಶದಂತೆ, ಹಾಗೆ ಬಿಟ್ಟವರಿಗೆ ಪಾಪನಿವೇದನೆ, ಪರಮಪ್ರಸಾದ ಇಲ್ಲ. ಬೇರೆಯವರ ಮಗುವಿನ ಜ್ಞಾನಸ್ನಾನಕ್ಕೆ ಪೋಷಕರಾಗಿ ನಿಲ್ಲುವಂತೆಯೂ ಇಲ್ಲ. ಈ ನಿಯಮ ಜಾಸ್ತಿ ಕಠಿಣ ಎಂದೇ ನನ್ನ ಅಭಿಪ್ರಾಯ. ಆದರೂ ಕ್ಯಾಥೊಲಿಕರಾಗಿದ್ದುಕೊಂಡೇ ಕಾಲಂನಲ್ಲಿ ಧರ್ಮ ಇಲ್ಲ ಎಂದು ಬರೆದರೆ, ಸುಳ್ಳು ಸುಳ್ಳೇ.

ಈ ಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಎಂದು ಪೌಲ ರೋಮಿನವರಿಗೆ ಬರೆದ. ಅದನ್ನು ಓದಿ ನಮ್ಮವರು ಇಲ್ಲಿನ ಬಿಯರ್, ಕ್ಲಬ್, ಮದುವೆಯಾಗದೆ ಜೊತೆಗಿರುವ ಜೋಡಿಗಳನ್ನು ನೋಡಿ ಮೂಗು ಮುರಿಯುತ್ತಾರೆ. ಅದೇ ಜನ ಸಂಬಂಧ ನೋಡುವಾಗ ಮೊದಲು ಕೇಳುವುದು ಜಾತಿ! ಹುಡುಗ ಜರ್ಮನಿಯಲ್ಲಿದ್ದಾನೆ ಎಂದ ಕೂಡಲೇ ವರದಕ್ಷಿಣೆಗೆ ಕಾರು, ಸೈಟು ಸೇರಿಕೊಳ್ಳುತ್ತದೆ. ಇದು ಲೋಕ ಅಲ್ವಾ? ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಎಂಬ, ಆಳು ಒಡೆಯ ಎಂಬ ಭೇದ ಇಲ್ಲ ಎಂದು ಗಲಾತ್ಯದವರಿಗೆ ಬರೆದವನೂ ಅದೇ ಪೌಲ. ಹಾಸನದಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಈ ಲೋಕವನ್ನು ಮೊದಲು ಬಿಡಿ. ಇದನ್ನು ಬಿಡದವರ ಉಪವಾಸ, ಜಪಸರದ ಮೇಲೆ ನನಗೆ ನಂಬಿಕೆ ಇಲ್ಲ.

ದೂರ ಸರಿದು ಕೂರುವುದೂ ಬೇಡ. ಇವರನ್ನು ಲೋಕದಿಂದ ತೆಗೆದುಬಿಡು ಎಂದು ಯೇಸು ತಂದೆಯನ್ನು ಕೇಳಲಿಲ್ಲ. ಕೇಡಿನಿಂದ ಕಾಪಾಡು ಎಂದಷ್ಟೇ ಕೇಳಿದ. ಆಫೀಸಿನ ಕ್ರಿಸ್ಮಸ್ ಊಟಕ್ಕೆ ಹೋಗಿ, ಜೊತೆಗೆ ಕೂತು ನಗಿ. ಬೇಲೂರು ಕಡೆಯ ಒಬ್ಬ ಹುಡುಗಿ ಇಲ್ಲಿ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಒಬ್ಬ ಅಜ್ಜಿ ಕೊನೆ ಉಸಿರಿನಲ್ಲಿದ್ದರು, ನೋಡಲು ಬರುವವರಿಲ್ಲ. ಶಿಫ್ಟ್ ಮುಗಿದ ಮೇಲೂ ಇವಳು ಕೋಟ್ ಹಾಕಿಕೊಂಡೇ ಮಂಚದ ಪಕ್ಕ ಕೂತು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳಂತೆ. ಓವರ್‌ಟೈಂ ಬರೆದುಕೊಂಡೆಯಾ ಎಂದು ಜೊತೆಯವರು ಕೇಳಿದರು. ಇಲ್ಲ ಎಂದಳು. ಅವಳ ಕೊರಳಲ್ಲಿ ಶಿಲುಬೆ ಇದೆಯೋ ಇಲ್ಲವೋ ನಾನು ಗಮನಿಸಿಲ್ಲ.

ಮಕ್ಕಳ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಇಲ್ಲಿ ಮೂರನೇ ಕ್ಲಾಸಿನ ಹೊತ್ತಿಗೆ ಪ್ರಥಮ ಪರಮಪ್ರಸಾದ ಆಗುತ್ತದೆ. ಹೊಸ ಬಟ್ಟೆ, ಉಡುಗೊರೆ, ಆಮೇಲೆ ಎಷ್ಟೋ ಮಕ್ಕಳು ಚರ್ಚಿನ ಕಡೆ ತಲೆ ಹಾಕುವುದಿಲ್ಲ. ಸಂಜೆ ಮನೆಯಲ್ಲಿ ಕನ್ನಡದಲ್ಲೇ ಜಪಸರ ಹೇಳಿ. ನನ್ನ ಮಗ ಕನ್ನಡದಲ್ಲಿ ಶುರು ಮಾಡಿ ಜರ್ಮನ್‌ನಲ್ಲಿ ಮುಗಿಸುತ್ತಾನೆ, ನೋವಾಗುತ್ತದೆ. ಶೆಟ್ಟಿಹಳ್ಳಿಯ ಚರ್ಚ್ ಯಾಕೆ ನೀರಲ್ಲಿದೆ ಎಂದು ಅವನು ಒಮ್ಮೆ ಕೇಳಿದ. ಗೊರೂರು ಅಣೆಕಟ್ಟಿನ ಹಿನ್ನೀರು ಬಂತು, ಜನ ಊರು ಬಿಟ್ಟರು, ಪ್ರಾರ್ಥನೆ ಬಿಡಲಿಲ್ಲ ಎಂದೆ.

ಬಂದ ಮೊದಲ ಭಾನುವಾರವೇ ಹತ್ತಿರದ ಚರ್ಚಿಗೆ ಹೋಗಿ. ಭಾಷೆ ತಿಳಿಯದಿದ್ದರೂ ಪೂಜೆಯ ಕ್ರಮ ಅದೇ. ಫಾದರ್ ಕೇರಳದವರೇ ಆಗಿರಬಹುದು. ಮುಗಿದ ಮೇಲೆ ಹಾಗೇ ಜಾರಿಕೊಳ್ಳಬೇಡಿ, ಅವರಿಗೆ ನಿಮ್ಮ ಹೆಸರು, ಊರು ಹೇಳಿ.